ಹೊಲಿಗೆ ಮಾಯುವವರೆಗಿನ ಜರ್ಮನ್

ಜರ್ಮನ್ ಭಾಷೆಯ ಬಿ1 ಪರೀಕ್ಷೆ ಎದುರಿಗೆ ಬಂದು ನಿಂತಿರುವಾಗಲೇ ನಿನಗೆ ಅಪೆಂಡಿಕ್ಸ್ ಆಪರೇಷನ್ ಆಯಿತು ಅಂತ ನಿನ್ನಮ್ಮ ಫೋನ್ ಮಾಡಿದಳು. ಬಾಳೂರಿಗೆ ವಾಪಸು ಬಂದು ಮಂಚದ ಮೇಲೆ ಮಲಗಿದ ಕೂಡಲೇ ನೀನು ಕೇಳಿದ್ದು "ಕ್ಲಾಸಿನ ಗತಿ ಏನು?" ಅಂತಂತೆ. ನಾನು ಸರ್ಜಿಕಲ್ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದು ನಿವೃತ್ತಳಾದವಳು. ಜರ್ಮನ್ ಕಲಿತದ್ದು ಮಾತ್ರ ಮಗಳು ಕಲಿಯುವಾಗ ಪಕ್ಕದಲ್ಲಿ ಕೂತು. ಹಾಗಾಗಿ ಹೊಲಿಗೆಯ ವಿಷಯದಲ್ಲಿ ನನ್ನ ಮಾತನ್ನು ಪೂರ್ತಿ ನಂಬು, ಜರ್ಮನ್ ವಿಷಯದಲ್ಲಿ ಮುಕ್ಕಾಲು ಪಾಲು ನಂಬಿದರೂ ನಡೆಯುತ್ತದೆ.

ಈ ಕೆಲವು ವಾರ ಹೊಸದೇನನ್ನೂ ಕಲಿಯಬೇಕಾಗಿಲ್ಲ. ಕಲಿತದ್ದು ಕೈಜಾರದಂತೆ ನೋಡಿಕೊಂಡರೆ ಸಾಕು. ಮೇಲಾಗಿ ನೀನು ಹೊರಟಿರುವುದು ನರ್ಸ್ ಕೆಲಸಕ್ಕೆ. ರೋಗಿಯಾಗಿ ಮಲಗುವುದನ್ನು ಯಾವ ನರ್ಸಿಂಗ್ ಕಾಲೇಜೂ ಕಲಿಸುವುದಿಲ್ಲ, ನಿನಗೆ ಅದು ಪುಕ್ಕಟೆ ಸಿಕ್ಕಿದೆ.

• ಮೊದಲ ಎರಡು ಮೂರು ದಿನ ಪುಸ್ತಕ ಮುಟ್ಟಲೇಬೇಡ. ಪೂರ್ತಿ ಅರಿವಳಿಕೆ ಕೊಟ್ಟಾಗ ಉಸಿರಾಟಕ್ಕೆಂದು ಗಂಟಲಿಗೆ ಕೊಳವೆ ಇಳಿಸಿರುತ್ತಾರೆ, ಅದರ ಕೆರೆತ ಒಂದೆರಡು ದಿನ ಇದ್ದೇ ಇರುತ್ತದೆ. ಅಂಥ ಹೊತ್ತಿನಲ್ಲಿ 'ಬೂಖ್', 'ನಾಖ್ಟ್' ಅಂತ ಗಂಟಲಾಳದ 'ಖ್' ಅಭ್ಯಾಸ ಮಾಡಲು ಹೊರಟೆಯೋ, ಕೆಮ್ಮು ಬರುತ್ತದೆ. ಕೆಮ್ಮಿದರೆ ಹೊಲಿಗೆ ಎಳೆಯುತ್ತದೆ. ಬಿಸಿನೀರು ಗುಟುಕರಿಸುತ್ತಾ ಸುಮ್ಮನಿರು. ಕೆಮ್ಮು ಬಂದೇ ಬಂದರೆ ಸಣ್ಣ ದಿಂಬೊಂದನ್ನು ಗಾಯದ ಮೇಲೆ ಒತ್ತಿ ಹಿಡಿದು ಕೆಮ್ಮು. ಸೀನಿಗೂ ನಗುವಿಗೂ ಇದೇ ಉಪಾಯ. ನಿನ್ನ ತಮ್ಮನಿಗೆ ಜೋಕು ಹೇಳಬೇಡ ಅಂತ ತಾಕೀತು ಮಾಡಿಬಿಡು.

• ತಲೆ ಮಂಪರಾಗಿರುವಾಗ ಓದಿದ್ದು ನಿಲ್ಲುವುದಿಲ್ಲ. ಅರಿವಳಿಕೆಯ ಮಂಪರು ಇಳಿದರೂ ನೋವಿನ ಮಾತ್ರೆಯದು ಇರುತ್ತದೆ. ಹಾಗಂತ ಓದುವ ಆಸೆಗೆ ಮಾತ್ರೆ ತಪ್ಪಿಸುವವರಿದ್ದಾರೆ, ವಾರ್ಡಿನಲ್ಲಿ ಅಂಥವರನ್ನು ಬೇಕಾದಷ್ಟು ನೋಡಿದ್ದೇನೆ. ನೋವು ಏರಿದ ಮೇಲೆ ಅದನ್ನು ಇಳಿಸುವುದು ಕಷ್ಟ, ನೋವು ತಿನ್ನುತ್ತಾ ಓದುವುದು ಅದಕ್ಕಿಂತ ಕಷ್ಟ. ಬರೆದುಕೊಟ್ಟ ಹೊತ್ತಿಗೆ ಮಾತ್ರೆ ನುಂಗು. ನೋವು ತಗ್ಗಿ, ನಿದ್ದೆಯೂ ಹತ್ತದ ಒಂದು ಗಳಿಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸಿಕ್ಕೇ ಸಿಗುತ್ತದೆ. ಯಾವಾಗ ಅಂತ ಎರಡು ದಿನ ಗಮನಿಸಿದರೆ ನಿನಗೇ ತಿಳಿಯುತ್ತದೆ. ಪಾಠಕ್ಕೆ ಅದೇ ಹೊತ್ತು.

• ಒಂದು ಸಲಕ್ಕೆ ಕಾಲು ಗಂಟೆ. ಅಷ್ಟೇ. ಮುಗಿದ ಮೇಲೆ ಎದ್ದು ಜಗಲಿಯಲ್ಲಿ ನಾಲ್ಕು ಹೆಜ್ಜೆ ನಡೆ. ಆಪರೇಷನ್ ಆದವರು ಅಲುಗಾಡದೆ ಬಿದ್ದಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಡಾಕ್ಟರು "ಓಡಾಡಿ" ಅನ್ನುವುದು ಅದಕ್ಕೇ ಹೊರತು ನಿನ್ನನ್ನು ಗೋಳುಹೊಯ್ಯಲಿಕ್ಕಲ್ಲ. ಮಲಗಿದ್ದಾಗಲೂ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಾ ಒಂದರಿಂದ ಶುರು ಮಾಡಿ ಇಪ್ಪತ್ತನ್ನು ದಾಟಿ ಜರ್ಮನ್‌ನಲ್ಲಿ ಎಣಿಸು. ಇಪ್ಪತ್ತೊಂದರಿಂದ ಮುಂದೆ ಅವರು ಬಿಡಿಯನ್ನು ಮೊದಲು, ಹತ್ತನ್ನು ಆಮೇಲೆ ಹೇಳುತ್ತಾರಲ್ಲ, ಅಲ್ಲಿ ಎಲ್ಲರೂ ಎಡವುತ್ತಾರೆ. ಬಿಪಿ ಓದಿ ಹೇಳುವಾಗ ಎಡವಿದರೆ ಕೆಲಸವೇ ಕೆಡುತ್ತದೆ. ಕಾಲು ಆಡಿಸುವ ನೆಪದಲ್ಲಿ ಅದನ್ನು ಪಳಗಿಸಿಕೋ.

• ಲ್ಯಾಪ್‌ಟಾಪನ್ನು ಹೊಟ್ಟೆಯ ಮೇಲೆ ಇಟ್ಟುಕೊಳ್ಳಬೇಡ. ಫೋನನ್ನು ಮುಖದ ನೇರಕ್ಕೆ ಎತ್ತಿ ಹಿಡಿಯಲೂಬೇಡ, ಕೈ ಸೋತು ಮೂಗಿನ ಮೇಲೆ ಬೀಳುತ್ತದೆ. ಬೆನ್ನಿಗೆ ಎರಡು ದಿಂಬು, ಮಂಡಿಯ ಕೆಳಗೆ ಒಂದು. ಮಂಡಿ ಸ್ವಲ್ಪ ಮಡಚಿದರೆ ಹೊಟ್ಟೆಯ ಬಿಗಿ ಸಡಿಲಾಗುತ್ತದೆ. ತೊಡೆಯ ಮೇಲೆ ಹಲಗೆ, ಅದರ ಮೇಲೆ ನೋಟ್‌ಬುಕ್. ಏಳುವಾಗ ನೆಟ್ಟಗೆ ಏಳದೆ ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಕಾಲು ಇಳಿಬಿಟ್ಟು ಏಳು. ಪುಸ್ತಕಗಳ ಬ್ಯಾಗನ್ನು ಎತ್ತುವ ಕೆಲಸ ತಮ್ಮನದು. ಭಾರ ಎತ್ತಬಹುದು ಅಂತ ಡಾಕ್ಟರು ಹೇಳುವವರೆಗೆ ಕೊಡಪಾನವೂ ಬೇಡ.

• ಮೊದಲ ವಾರ ಕಿವಿಗೆ ಕೆಲಸ ಕೊಡು, ಕಣ್ಣಿಗೆ ಬೇಡ. ಜರ್ಮನಿಯ ಡಾಯ್ಚೆ ವೆಲೆ ಪ್ರಸಾರ ಸಂಸ್ಥೆ ಕಲಿಯುವವರಿಗೆಂದೇ ಪುಕ್ಕಟೆ ಪಾಠಗಳನ್ನಿಟ್ಟಿದೆ. 'ನಿಕೊಸ್ ವೇಗ್' ಅನ್ನುವ ಕಥಾಮಾಲೆ ಎ1ರಿಂದ ಬಿ1ರವರೆಗೆ ಇದೆ. ಸ್ಪೇನ್‌ನಿಂದ ಬಂದ ಹುಡುಗನೊಬ್ಬ ಭಾಷೆ ಬಾರದ ಊರಿನಲ್ಲಿ ಪಡುವ ಪಾಡು. ನೀನು ಎ1ರಲ್ಲಿ ನೋಡಿದ್ದನ್ನೇ ಈಗ ಕಣ್ಣು ಮುಚ್ಚಿ ಕೇಳು. ಕಥೆ ಗೊತ್ತಿರುವುದರಿಂದ ತಲೆಗೆ ಆಯಾಸವಿಲ್ಲ, ವಾಕ್ಯಗಳು ತಾವಾಗಿ ಕಿವಿಯಲ್ಲಿ ಕೂರುತ್ತವೆ. ಅದೇ ಸಂಸ್ಥೆ ನಿಧಾನವಾಗಿ ಓದಿದ ವಾರ್ತೆಯನ್ನೂ ಕೊಡುತ್ತದೆ, ಜೊತೆಗೆ ಅದರ ಬರಹವೂ ಇರುತ್ತದೆ. ಅದು ನಿನ್ನ ಮಟ್ಟಕ್ಕೆ ತುಸು ಗಟ್ಟಿ. ಅರ್ಥವಾಗಲಿಲ್ಲ ಅಂತ ಕೊರಗಬೇಡ, ವಾಕ್ಯ ಎಲ್ಲಿ ಏರಿ ಎಲ್ಲಿ ಇಳಿಯಿತು ಅಂತ ಕೇಳಿಸಿಕೊಂಡರೂ ಲಾಭವೇ.

• ಸಿಗ್ನಲ್‌ಗೋಸ್ಕರ ಗುಡ್ಡ ಹತ್ತಬೇಡ! ಕೊರೋನಾ ಕಾಲದ ಆನ್‌ಲೈನ್ ಕ್ಲಾಸಿಗೆ ನಮ್ಮ ಮಲೆನಾಡಿನ ಮಕ್ಕಳೆಲ್ಲ ಗುಡ್ಡದ ನೆತ್ತಿಯಲ್ಲಿ ಕೊಡೆ ಹಿಡಿದು ಕೂತದ್ದು ನಿನಗೂ ನೆನಪಿರಬೇಕು. ಆಗ ನಿನ್ನ ಹೊಟ್ಟೆಯಲ್ಲಿ ಹೊಲಿಗೆ ಇರಲಿಲ್ಲ. ಈ ಮಳೆಯಲ್ಲಿ ತೋಟದ ಕಾಲುದಾರಿ ಜಾರುತ್ತದೆ, ಇಂಬಳ ಬೇರೆ. ಬಗ್ಗಿ ಇಂಬಳ ಕೀಳುವುದಕ್ಕೂ ನಿನ್ನಿಂದ ಈಗ ಆಗದು. ನಿನ್ನ ತಮ್ಮ ಕೊಟ್ಟಿಗೆಹಾರಕ್ಕೋ ಬಣಕಲ್‌ಗೋ ಹೋಗುವಾಗ ಫೋನನ್ನು ಅವನ ಕೈಗೆ ಕೊಡು. ವಾರಕ್ಕೆ ಬೇಕಾದ ಆಡಿಯೋ ಎಲ್ಲ ಇಳಿಸಿಕೊಂಡು ಬರಲಿ. ಯಾವ ಯಾವುದು ಅಂತ ಚೀಟಿ ಬರೆದು ಕೊಡದಿದ್ದರೆ ಸಿನಿಮಾ ತುಂಬಿಸಿಕೊಂಡು ಬರುತ್ತಾನೆ. ಕರೆಂಟ್ ಇದ್ದಾಗಲೇ ಪವರ್‌ಬ್ಯಾಂಕ್ ತುಂಬಿಸಿಡು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಬರುವ ದಿನ ಯಾರಿಗೂ ಗೊತ್ತಿರುವುದಿಲ್ಲ.

• ಪದಗಳಿಗೆ ಚೀಟಿ ಮಾಡು. ಫೋನಿನ ಆ್ಯಪ್‌ಗಿಂತ ಮಂಚದ ಮೇಲೆ ಇದೇ ಸಲೀಸು ಅನ್ನುವುದು ನನ್ನ ಪಕ್ಷ. ಮಗಳು ಒಪ್ಪುವುದಿಲ್ಲ, ಅದು ಬೇರೆ ಮಾತು. ಮನೆಯ ನಾಗಂದಿಗೆಯ ಮೇಲೆ ಹಳೆಯ ಲಗ್ನಪತ್ರಿಕೆಗಳ ಕಟ್ಟು ಇದ್ದೇ ಇರುತ್ತದೆ. ಒಳ್ಳೆಯ ದಪ್ಪ ಕಾಗದ, ಹಿಂಬದಿ ಖಾಲಿ. ಅಂಗೈಯಗಲಕ್ಕೆ ಕತ್ತರಿಸಿ ಒಂದು ಬದಿ ಜರ್ಮನ್ ಪದ, ಇನ್ನೊಂದು ಬದಿ ಕನ್ನಡ ಬರೆ. ಅಚ್ಚಾದ ಬದಿಗೆ ಬಿಳಿ ಹಾಳೆ ಅಂಟಿಸಿಕೊಂಡರಾಯಿತು. 'ಡೆರ್' ಪದಗಳಿಗೆ ನೀಲಿ ಶಾಯಿ, 'ಡೀ'ಗೆ ಕೆಂಪು, 'ಡಾಸ್'ಗೆ ಹಸಿರು. ಲಿಂಗವಿಲ್ಲದೆ ಒಂದು ಪದವನ್ನೂ ಬರೆಯಬೇಡ, ಆಮೇಲೆ ಸೇರಿಸಿಕೊಳ್ಳುತ್ತೇನೆ ಅಂದವರು ಯಾರೂ ಸೇರಿಸಿದ್ದಿಲ್ಲ.

ಈಗ ಒಂದು ರಟ್ಟಿನ ಡಬ್ಬಿಗೆ ಅಡ್ಡ ತಡಿಕೆ ಇಟ್ಟು ಐದು ಖಾನೆ ಮಾಡು. ಹೊಸ ಚೀಟಿ ಮೊದಲ ಖಾನೆಗೆ. ಸರಿ ಹೇಳಿದರೆ ಮುಂದಿನ ಖಾನೆಗೆ ಬಡ್ತಿ, ತಪ್ಪಿದರೆ ಯಾವ ಖಾನೆಯಲ್ಲಿದ್ದರೂ ಮೊದಲನೆಯದಕ್ಕೆ ವಾಪಸು. ಮೊದಲ ಖಾನೆ ದಿನಾ ನೋಡು, ಎರಡನೆಯದು ಎರಡು ದಿನಕ್ಕೊಮ್ಮೆ, ಕೊನೆಯದು ತಿಂಗಳಿಗೊಮ್ಮೆ ಸಾಕು. ಇದನ್ನು 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ ಜರ್ಮನ್‌ನಲ್ಲೇ ಪುಸ್ತಕ ಬರೆದು ಜನಕ್ಕೆ ತಲುಪಿಸಿದ. ಅದಕ್ಕೂ ಹಿಂದೆ 1885ರಲ್ಲಿ ಹೆರ್ಮಾನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಅಳೆದು ಪ್ರಕಟಿಸಿದ್ದ. ಮರೆವು ಮೊದಮೊದಲು ದಡದಡನೆ, ಆಮೇಲೆ ನಿಧಾನ. ಅಂದರೆ ನೀನು ಎರಡು ವಾರ ಏನೂ ಮುಟ್ಟದಿದ್ದರೆ ಈಚೆಗೆ ಕಲಿತದ್ದು ಮೊದಲು ಹೋಗುತ್ತದೆ, ಎ1ರದ್ದು ಉಳಿಯುತ್ತದೆ. ಆದ್ದರಿಂದ ಚೀಟಿ ಬರೆಯುವುದಕ್ಕೆ ಶುರು ಮಾಡಬೇಕಾದದ್ದು ಪುಸ್ತಕದ ಕೊನೆಯ ಪಾಠದಿಂದ, ಮೊದಲ ಪಾಠದಿಂದಲ್ಲ.

• ನಿನ್ನ ಕಾಯಿಲೆಯನ್ನೇ ಪಠ್ಯ ಮಾಡಿಕೋ. ಇದನ್ನೊಂದು ಮಾಡಿದರೆ ಮೇಲಿನದೆಲ್ಲ ಅರ್ಧಂಬರ್ಧ ಆದರೂ ನಾನು ಬಯ್ಯುವುದಿಲ್ಲ.

ನಮ್ಮ ಆಸ್ಪತ್ರೆಯಲ್ಲಿ ರೋಗಿಯ ಮೈ ಒರೆಸುವುದು, ಉಣ್ಣಿಸುವುದು, ಮಗ್ಗುಲು ಬದಲಿಸುವುದು ಹೆಚ್ಚಾಗಿ ಮನೆಯವರ ಕೆಲಸ, ಇಲ್ಲದಿದ್ದರೆ ಆಯಾಳದ್ದು. ಸಿಸ್ಟರ್ ಅಂದರೆ ಇಂಜೆಕ್ಷನ್, ಡ್ರಿಪ್, ಚಾರ್ಟ್. ಜರ್ಮನಿಯಲ್ಲಿ ಹಾಗಲ್ಲ. ರೋಗಿಯ ಜೊತೆ ರಾತ್ರಿಯಿಡೀ ಕೂರುವ ಅಮ್ಮ ಚಿಕ್ಕಮ್ಮಂದಿರು ಅಲ್ಲಿ ಇರುವುದಿಲ್ಲ. ಹಲ್ಲುಜ್ಜಿಸುವುದರಿಂದ ಹಿಡಿದು ಎಲ್ಲವೂ ನರ್ಸ್ ಕೆಲಸದೊಳಗೇ ಬರುತ್ತದೆ. ಇಲ್ಲಿಂದ ಹೋದವರಿಗೆ ಮೊದಲ ತಿಂಗಳು ಕಸಿವಿಸಿಯಾಗುವುದು ಇದರಿಂದಲೇ. ಹೀಗೆ ನೋಡಿದರೆ ಈಗ ನಿನ್ನಮ್ಮ ನಿನಗೆ ಮಾಡುತ್ತಿರುವುದು ನಾಳೆ ನೀನು ಮಾಡಬೇಕಾದ ಕೆಲಸ. ಅವಳು ಆಡುವ ಒಂದೊಂದು ಮಾತನ್ನೂ ಜರ್ಮನ್‌ಗೆ ತಿರುಗಿಸು. "ಮೆಲ್ಲಗೆ ಏಳು, ನಾನು ಹಿಡ್ಕೊಂಡಿದೀನಿ." "ಈ ಕಡೆ ಹೊರಳು." "ನೀರು ಬಿಸಿ ಸಾಕಾ?" "ಇನ್ನೆರಡು ತುತ್ತು ಉಣ್ಣು." ಇವು ಯಾವ ಬಿ1 ಪುಸ್ತಕದಲ್ಲೂ ಸಾಲಾಗಿ ಸಿಗುವುದಿಲ್ಲ. ಅಮ್ಮ ಏಕವಚನದಲ್ಲಿ ಹೇಳಿದ್ದನ್ನು ನೀನು 'ಜೀ' ಹಾಕಿ ಬಹುವಚನದಲ್ಲಿ ಬರೆ. ಅಲ್ಲಿ ರೋಗಿಗೆ 'ಡು' ಅನ್ನುವ ಹಾಗಿಲ್ಲ.

ಡ್ರೆಸ್ಸಿಂಗ್ ಬದಲಿಸುವಾಗ ಕಣ್ಣು ಮುಚ್ಚಿಕೊಳ್ಳಬೇಡ, ನೋಡು. ಗಾಯ ಕೆಂಪು ಶಾಯಿ, ಡೀ ವುಂಡೆ. ಪಟ್ಟಿ ನೀಲಿ, ಡೆರ್ ಫೆರ್‌ಬಾಂಟ್. ಜ್ವರ ಹಸಿರು, ಡಾಸ್ ಫೀಬರ್. ಮೂರು ಲಿಂಗವೂ ನಿನ್ನ ಹೊಟ್ಟೆಯ ಮೇಲೇ ಸಿಕ್ಕಿತು! ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಅಂತ ಬೆಳಿಗ್ಗೆ ಸಂಜೆ ನಿನ್ನನ್ನು ನೀನೇ ಕೇಳಿಕೋ: "ವೀ ಶ್ಟಾರ್ಕ್ ಜಿಂಟ್ ಡೀ ಶ್ಮೆರ್ತ್ಸೆನ್, ಫೋನ್ ನುಲ್ ಬಿಸ್ ತ್ಸೇನ್?" ಅಲ್ಲಿಯ ವಾರ್ಡುಗಳಲ್ಲಿ ಕೇಳುವ ಬಗೆಯೂ ಇದೇ.

ಆಮೇಲೆ ರಾತ್ರಿ ಮಲಗುವ ಮುಂಚೆ ಐದು ವಾಕ್ಯದ ವರದಿ ಬರೆ, ನಿನ್ನ ಬಗ್ಗೆ ಅಲ್ಲ, ಮೂರನೆಯವಳ ಬಗ್ಗೆ ಬರೆದ ಹಾಗೆ. ರೋಗಿ ಇಂದು ಎಷ್ಟು ಸಲ ನಡೆದಳು, ಜ್ವರ ಎಷ್ಟು, ಊಟ ಸೇರಿತೇ, ಮಲವಿಸರ್ಜನೆ ಆಯಿತೇ, ಗಾಯ ಒಣಗಿದೆಯೇ. ಪಾಳಿ ಬದಲಾಗುವಾಗ ಒಬ್ಬ ನರ್ಸ್ ಇನ್ನೊಬ್ಬಳಿಗೆ ಒಪ್ಪಿಸುವ ಮಾತು ಇದು, ಅವರು 'ಯೂಬರ್‌ಗಾಬೆ' ಅನ್ನುತ್ತಾರೆ. ಸೇರಿದ ಹೊಸದರಲ್ಲಿ ಎಲ್ಲರೂ ಹೆದರುವುದು ಇದಕ್ಕೇ: ಎದುರಿಗಿರುವವರು ಗಡಿಯಾರ ನೋಡುತ್ತಿರುತ್ತಾರೆ, ಎರಡು ನಿಮಿಷದಲ್ಲಿ ಒಬ್ಬ ರೋಗಿಯ ಕಥೆ ಮುಗಿಸಬೇಕು. ನೀನು ಈಗಲೇ ದಿನಕ್ಕೊಬ್ಬ ರೋಗಿಯನ್ನು ಒಪ್ಪಿಸಿ ರೂಢಿ ಮಾಡಿಕೊಂಡಿರುತ್ತೀಯ.

• ವ್ಯಾಕರಣವನ್ನು ಎರಡನೆಯ ವಾರಕ್ಕೆ ಬಿಡು. ಆಗಲೂ ಒಂದೇ ವಿಷಯ ಹಿಡಿ: 'ವೈಲ್' (ಏಕೆಂದರೆ), 'ಡಾಸ್' (ಎಂದು) ಸೇರಿದ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುವುದು. ಇಂಗ್ಲಿಷ್ ಮೂಲಕ ಕಲಿಯುವವರು ಇದಕ್ಕೆ ಒದ್ದಾಡುತ್ತಾರೆ. ನಮಗೆ ಕ್ರಿಯಾಪದ ಕೊನೆಯಲ್ಲಿ ಬಾರದಿದ್ದರೇ ಇರುಸುಮುರುಸು. ಅಲ್ಲಿ ಇಂಗ್ಲಿಷನ್ನು ಬದಿಗಿಟ್ಟು ಕನ್ನಡದಲ್ಲಿ ಯೋಚಿಸು. ವಿಭಕ್ತಿಗೂ ಹಾಗೆಯೇ. ಪ್ರಥಮಾ ದ್ವಿತೀಯಾ ಅಂತ ಶಾಲೆಯಲ್ಲಿ ಉರುಹೊಡೆದವಳಿಗೆ ಅವರ ನಾಲ್ಕೇ ನಾಲ್ಕು ವಿಭಕ್ತಿ ಏನು ಮಹಾ.

• ಬಾಯಿಗೆ ಕೆಲಸ: ಕ್ಲಾಸಿನ ಗೆಳತಿಗೆ ದಿನಾ ಒಂದು ನಿಮಿಷದ ಧ್ವನಿ ಸಂದೇಶ. ಕರೆ ಮಾಡಿದರೆ ನಮ್ಮಲ್ಲಿ ನಡುವೆ ಕಡಿದುಹೋಗುತ್ತದೆ. ಸಂದೇಶವಾದರೆ ಸಿಗ್ನಲ್ ಬಂದಾಗ ತಾನಾಗಿ ಹೋಗುತ್ತದೆ.

• ಕ್ಲಾಸಿನವರಿಗೆ ವಿಷಯ ತಿಳಿಸು, ಬಾಯಲ್ಲಿ ಅಲ್ಲ, ಬರೆದು. ಡಿಸ್ಚಾರ್ಜ್ ಸಾರಾಂಶದ ಪ್ರತಿಯನ್ನೂ ಲಗತ್ತಿಸು. ಮುಂದಿನ ಬ್ಯಾಚಿಗೆ ಸೇರಿಸಿಕೊಳ್ಳುತ್ತಾರೋ, ಪಾಠದ ರೆಕಾರ್ಡಿಂಗ್ ಕೊಡುತ್ತಾರೋ, ಕಟ್ಟಿದ ಫೀಸಿನ ಕಥೆ ಏನು ಅಂತ ಕೇಳಿ ಉತ್ತರವನ್ನು ಇಟ್ಟುಕೋ. ಸಂಕೋಚ ಬೇಡ ಮಾರಾಯ್ತಿ, ದುಡ್ಡು ನಿನ್ನಪ್ಪ ಮೆಣಸು ಮಾರಿ ಕಟ್ಟಿದ್ದು.

• ಪರೀಕ್ಷೆಗೆ ಹೆದರಿ ಹೊಲಿಗೆ ಹಸಿಯಿರುವಾಗಲೇ ಬೆಂಗಳೂರು ಬಸ್ಸು ಹತ್ತಬೇಡ. ಗೋಯ್ತೆ ಸಂಸ್ಥೆಯ ಬಿ1 ನಾಲ್ಕು ಭಾಗದ ಪರೀಕ್ಷೆ: ಓದು 65 ನಿಮಿಷ, ಕೇಳುವುದು 40, ಬರಹ 60, ಮಾತು ಸುಮಾರು 15. ನಾಲ್ಕನ್ನೂ ಒಟ್ಟಿಗೆ ಕೊಡಲೇಬೇಕು ಅಂತಿಲ್ಲ, ಬಿಡಿಬಿಡಿಯಾಗಿಯೂ ಕೊಡಬಹುದು. ಒಂದೊಂದರಲ್ಲೂ 100ಕ್ಕೆ 60 ಬಂದರೆ ಪಾಸು. ಮೈ ಪೂರ್ತಿ ಸುಧಾರಿಸದಿದ್ದರೆ ಹೆಚ್ಚು ಕೇಳಿ ಪಳಗಿದ ಭಾಗವನ್ನು ಮೊದಲು ಮುಗಿಸುವ ದಾರಿಯೂ ಇದೆ ಅಂತಾಯಿತು. ಅದೇ ಸಂಸ್ಥೆಯ, ಇಂದಿರಾನಗರದ ಮ್ಯಾಕ್ಸ್ ಮ್ಯುಲ್ಲರ್ ಭವನದವರನ್ನು ದಿನಾಂಕ ಮುಂದೂಡುವ ನಿಯಮ ಕೇಳು. ಹೆಚ್ಚು ಹೊತ್ತು ಕೂರಲಾಗದವರು ಹೆಸರು ನೋಂದಾಯಿಸುವಾಗಲೇ ಹೇಳಿಕೊಳ್ಳಬೇಕು. ಆ ದಿನ ಹೋಗಿ ಹೇಳಿದರೆ ಯಾರೂ ಏನೂ ಮಾಡಲಾಗದು. ಹೇಗೂ ನರ್ಸ್ ಮನ್ನಣೆಗೆ ಮುಂದೆ ಸಾಮಾನ್ಯವಾಗಿ ಬಿ2 ಕೇಳುತ್ತಾರೆ. ಬಿ1ನ್ನು ಒಂದು ತಿಂಗಳು ತಡವಾಗಿ ಗಟ್ಟಿಯಾಗಿ ಮುಗಿಸಿದವರು ಬಿ2ರಲ್ಲಿ ಆ ತಿಂಗಳನ್ನು ವಾಪಸು ಪಡೆಯುತ್ತಾರೆ.

• ಹೊಲಿಗೆ ಬಿಚ್ಚಿಸಲು ಮಂಗಳೂರಿಗೆ ಹೋಗುವ ದಿನ ಚಾರ್ಮಾಡಿ ಘಾಟಿಯಲ್ಲಿ ಫೋನ್ ನೋಡಬೇಡ, ಚೀಟಿಯೂ ಬೇಡ. ಆ ತಿರುವುಗಳಲ್ಲಿ ಓದಿದರೆ ಗಟ್ಟಿಮುಟ್ಟಾದವರಿಗೇ ವಾಂತಿ. ನಿನಗೆ ವಾಂತಿಯಾದರೆ ಹೊಟ್ಟೆಯ ಗಾಯಕ್ಕೆ ಪೆಟ್ಟು. ಮುಂದಿನ ಸೀಟಿನಲ್ಲಿ ದಿಂಬು ಇಟ್ಟುಕೊಂಡು ಕೂತು ನಿದ್ದೆ ಮಾಡು. ಮಳೆ ಜೋರಿದ್ದರೆ ಘಾಟಿ ತೆರೆದಿದೆಯೋ ಇಲ್ಲವೋ ಅಂತ ಕೊಟ್ಟಿಗೆಹಾರದಲ್ಲಿ ವಿಚಾರಿಸಿಕೊಂಡೇ ಹೊರಡಿ. ಮೂಡಿಗೆರೆಯ ಡಾಕ್ಟರೇ ಬಿಚ್ಚಬಹುದಾ ಅಂತ ಆಪರೇಷನ್ ಮಾಡಿದವರನ್ನು ಕೇಳಿ ನೋಡುವುದು ಇನ್ನೂ ವಾಸಿ.

• ನೋಡಲು ಬರುವವರು ಬಂದೇ ಬರುತ್ತಾರೆ, ಬ್ರೆಡ್ಡು ಹಣ್ಣು ಹಿಡಿದು. ಅವರ ಜೊತೆ ಕೂತು ಮಾತಾಡುವುದೂ ಗುಣವಾಗುವುದರ ಭಾಗ, ಮುಖ ತಿರುಗಿಸಬೇಡ. ಆದರೆ ಸಂಜೆಯ ಆ ಕಾಲು ಗಂಟೆಗೆ "ಅವಳು ಮಲಗಿದ್ದಾಳೆ" ಅಂತ ಅಮ್ಮ ಬಾಗಿಲಲ್ಲೇ ಹೇಳಲಿ. ಮಕ್ಕಳು ಬಂದರೆ ಅವರ ಕೈಗೆ ಚೀಟಿ ಕೊಟ್ಟು ಪ್ರಶ್ನೆ ಕೇಳಲು ಹೇಳು. ಅವರಷ್ಟು ಕಟ್ಟುನಿಟ್ಟಿನ ಮೇಷ್ಟ್ರು ಬೇರೆ ಸಿಗುವುದಿಲ್ಲ.

• ಸಂಜೆಯ ಮೇಲೆ ಕಾಫಿ ಬೇಡ. ಕಾಫಿ ತೋಟದ ಮನೆಯಲ್ಲಿ ಈ ಮಾತು ಹೇಳುವುದು ಕಷ್ಟವೇ, ಆದರೂ ಹೇಳುತ್ತಿದ್ದೇನೆ. ಗಾಯ ಮಾಯುವುದಕ್ಕೂ ನಿದ್ದೆ ಬೇಕು, ಹಗಲು ಕಲಿತದ್ದು ತಲೆಯಲ್ಲಿ ನೆಲೆಯೂರುವುದಕ್ಕೂ ನಿದ್ದೆ ಬೇಕು. ನೋವಿನ ಮಾತ್ರೆಗಳಲ್ಲಿ ಕೆಲವು ಮಲಬದ್ಧತೆ ತರುತ್ತವೆ, ಮುಕ್ಕಿದರೆ ಹೊಲಿಗೆಗೆ ಒತ್ತಡ. ನೀರು, ಪಪಾಯಿ, ಸೊಪ್ಪಿನ ಸಾರು ಸೇರಲಿ. ಬರೀ ಗಂಜಿಯ ಪಥ್ಯ ಎಷ್ಟು ದಿನ ಅಂತ ಅಜ್ಜಿಯನ್ನಲ್ಲ, ಡಾಕ್ಟರನ್ನು ಕೇಳು.

• ಒಂದು ದಿನ ಸುಮ್ಮನೆ ಅಳು ಬರುತ್ತದೆ. ಹಲವರಿಗೆ ಆಗುತ್ತದೆ. ಅವತ್ತು "ಜರ್ಮನಿಯೂ ಬೇಡ, ಏನೂ ಬೇಡ" ಅಂತ ತೀರ್ಮಾನ ಮಾಡಬೇಡ. ಯಾವ ತೀರ್ಮಾನವನ್ನೂ ಮಾಡಬೇಡ. ಮೇಲೆ ನೋಡುತ್ತಾ ಮಲಗು. ನಿನ್ನ ಮಂಚದ ಮೇಲಿನ ಮಂಗಳೂರು ಹಂಚಿದೆಯಲ್ಲ, ಆ ಕಸುಬನ್ನು ಮಂಗಳೂರಿನಲ್ಲಿ 1865ರಲ್ಲಿ ಕಾರ್ಖಾನೆ ಹಾಕಿ ಶುರು ಮಾಡಿದ್ದು ಬಾಸೆಲ್ ಮಿಷನ್. ಅದೇ ಮಿಷನ್ನಿನ ಹೆರ್ಮಾನ್ ಮೊಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ. ಅದೇ ಮಿಷನ್ನಿಗೆ 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಕನ್ನಡವನ್ನು ಅಆಇಈಯಿಂದ ಕಲಿತು, 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಮುಗಿಸಿದ. ನಡುವೆ ನಲವತ್ತು ವರ್ಷ. ಆ ಜರ್ಮನ್ನರು ನಮ್ಮ ಳ ಮತ್ತು ಣ ಜೊತೆ ಎಷ್ಟು ಒದ್ದಾಡಿರಬೇಕು ಅಂತ ಯೋಚಿಸಿದರೆ ನನಗಂತೂ ನಗು ಬರುತ್ತದೆ. ನಿನ್ನದು ಒಂದು ತಿಂಗಳಿನ ಹಿನ್ನಡೆ.

• ಇಷ್ಟನ್ನು ಗೋಡೆಗೆ ಅಂಟಿಸು: ಜ್ವರ, ಗಾಯ ಕೆಂಪಾಗಿ ಊದಿಕೊಳ್ಳುವುದು, ಕೀವು, ದಿನದಿಂದ ದಿನಕ್ಕೆ ಏರುವ ನೋವು, ನಿಲ್ಲದ ವಾಂತಿ, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು. ಇವುಗಳಲ್ಲಿ ಒಂದು ಕಂಡರೂ ಪುಸ್ತಕ ಮುಚ್ಚಿ ಆಸ್ಪತ್ರೆಗೆ ಫೋನ್. ಕೊನೆಯ ಎರಡಕ್ಕೆ ಫೋನ್ ಮಾಡುತ್ತಲೇ ಗಾಡಿ ಹತ್ತಬೇಕು. ನಮ್ಮೂರಿನಿಂದ ದೊಡ್ಡ ಆಸ್ಪತ್ರೆ ದೂರ, ಬೆಳಗಾಗಲಿ ನೋಡೋಣ ಅನ್ನುವ ಹಾಗಿಲ್ಲ. ರಾತ್ರಿ ಕರೆದರೆ ಬರುವ ಜೀಪಿನವರ ನಂಬರನ್ನೂ ಅದೇ ಹಾಳೆಯಲ್ಲಿ ಬರೆದಿಡು.

• ಭಾನುವಾರ ಸಂಜೆ ನಾನು ಫೋನ್ ಮಾಡುತ್ತೇನೆ, ನಿಮ್ಮ ಮನೆಯ ಲ್ಯಾಂಡ್‌ಲೈನಿಗೆ. ವಾರದ ವರದಿಯನ್ನು ಜರ್ಮನ್‌ನಲ್ಲೇ ಒಪ್ಪಿಸು. ಎರಡು ನಿಮಿಷ ಮೀರಿದರೆ ನಡುವೆ ತಡೆಯುತ್ತೇನೆ.